ಮೇಲೆ ಬಂಡೆಯಿದ್ದಾಗ: ತಾಂತ್ರಿಕ ಡೈವಿಂಗ್‌ನ ಸಲಕರಣೆ ಜೋಡಣೆಯ ಕುರಿತು

ಸ್ಕೂಬಾ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪ. ಅಲ್ಲಿ ಹವ್ಯಾಸಿಗಳ ಬೆನ್ನಿಗೆ ಒಂದೇ ಸಿಲಿಂಡರ್ ಸಾಕು; ತೊಂದರೆಯಾದರೆ ನಿಧಾನವಾಗಿ ಮೇಲೆದ್ದು ಬರಬಹುದು. ಈ ಅನುಕೂಲ ತಪ್ಪಿದಲ್ಲಿಂದ ತಾಂತ್ರಿಕ ಡೈವಿಂಗ್ ಶುರುವಾಗುತ್ತದೆ. ಗುಹೆಯಲ್ಲಿ ತಲೆಯ ಮೇಲೆ ಬಂಡೆ. ಬಯಲು ಸಮುದ್ರದಲ್ಲೂ ಆಳದಲ್ಲಿ ಹೆಚ್ಚು ಹೊತ್ತು ಇದ್ದವರು ದೇಹದಲ್ಲಿ ಕರಗಿದ ಅನಿಲ ಇಳಿಯುವವರೆಗೆ ನಡುನಡುವೆ ನಿಲ್ಲದೆ ಮೇಲೆ ಬರುವಂತಿಲ್ಲ. ಕೆಟ್ಟದ್ದನ್ನು ಕೆಟ್ಟ ಜಾಗದಲ್ಲೇ ಸರಿಪಡಿಸಿಕೊಳ್ಳಬೇಕು. ಹಾಗಾದರೆ ಯಾವ ಜೋಡಣೆ ಸುರಕ್ಷಿತ? ‘ಎಲ್ಲವೂ ಎರಡೆರಡು ಇರಲಿ’ ಎಂಬ ಉತ್ತರ ನನಗೆ ಸಾಲದೆನಿಸುತ್ತದೆ. ಹೆಚ್ಚಿಗೆ ಸೇರಿಸಿದ ಪ್ರತಿ ವಾಲ್ವ್, ಪ್ರತಿ ಹೋಸ್ ತಾನೂ ಸೋರಬಲ್ಲದು. ಇಳಿಯುವ ನೀರಿನ ಸ್ವರೂಪ ಎಂಥದು, ಪಕ್ಕದಲ್ಲಿ ಯಾರಿದ್ದಾರೆ, ಇಬ್ಬರ ಉಸಿರಿಗೂ ಎಷ್ಟು ಅನಿಲ ಬೇಕು ಎಂಬುದನ್ನು ಬಿಟ್ಟು ಜೋಡಣೆಯ ಗುಣದೋಷ ಹೇಳಲಾಗದು.

ಅಮೆರಿಕದ ಫ್ಲಾರಿಡಾದ ಸುಣ್ಣಕಲ್ಲಿನ ಬುಗ್ಗೆಗುಹೆಗಳು ಈ ಚರ್ಚೆಯ ಮುಖ್ಯ ನೆಲೆ. ಅಲ್ಲಿನ ಸಾವುಗಳನ್ನು ಪರಿಶೀಲಿಸಿ ಗುಹಾ ಡೈವರ್ ಶೆಕ್ ಎಕ್ಸ್‌ಲಿ 1979ರಲ್ಲಿ ಕಿರುಪುಸ್ತಕವೊಂದನ್ನು ಪ್ರಕಟಿಸಿದರು. ಬಯಲು ನೀರಿನವರೆಗೆ ತುಂಡಾಗದ ದಾರಿಹಗ್ಗವಿಲ್ಲದಿರುವುದು, ಮರಳುವುದಕ್ಕೆ ಮೂರರಲ್ಲಿ ಎರಡು ಪಾಲು ಗಾಳಿ ಉಳಿಸದಿರುವುದು, ಗಾಳಿ ಉಸಿರಾಡುತ್ತ ತೀರಾ ಆಳಕ್ಕಿಳಿಯುವುದು ಅವರು ಎತ್ತಿ ತೋರಿಸಿದ ಮುಖ್ಯ ಕಾರಣಗಳು. ಮೂರೂ ನಡವಳಿಕೆಗೆ ಸೇರಿದವು, ಉಪಕರಣದ ದೋಷಕ್ಕಲ್ಲ. ಸಲಕರಣೆ ಆ ನಡವಳಿಕೆಯನ್ನು ಸುಲಭಗೊಳಿಸಬೇಕು. ಅದರ ಕೆಲಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ಅದೇ ಗುಹೆಗಳಲ್ಲಿ ಡೈವರ್ ವಿಲಿಯಂ ಹೋಗಾರ್ತ್ ಮೇನ್ ಅವರ ಹೆಸರಿನ ‘ಹೋಗಾರ್ತಿಯನ್’ ಜೋಡಣೆ ರೂಪುಗೊಂಡಿತು. ಬೆನ್ನಿಗೆ ಎರಡು ಸಿಲಿಂಡರ್, ಅವನ್ನು ಕೂಡಿಸುವ ಮ್ಯಾನಿಫೋಲ್ಡ್. ಬಾಯಲ್ಲಿರುವ ರೆಗ್ಯುಲೇಟರಿಗೆ ಸುಮಾರು 2.1 ಮೀಟರ್ ಉದ್ದದ ಹೋಸ್. ಮೀಸಲಿನದು ರಬ್ಬರ್ ಕುಣಿಕೆಯಲ್ಲಿ ಗಲ್ಲದ ಕೆಳಗೆ. ಜೊತೆಗಾರನ ಗಾಳಿ ಮುಗಿದರೆ ಕೊಡುವುದು ಬಾಯಲ್ಲಿರುವುದನ್ನೇ, ಏಕೆಂದರೆ ಅದು ಕೆಲಸ ಮಾಡುತ್ತಿದೆ ಎಂಬುದು ಆ ಕ್ಷಣಕ್ಕೆ ಖಚಿತ. ಉದ್ದ ಹೋಸ್ ಇರುವುದರಿಂದ ಇಕ್ಕಟ್ಟಿನಲ್ಲಿ ಇಬ್ಬರೂ ಹಿಂದೆಮುಂದೆ ಸಾಲಾಗಿ ಹೊರಬರಬಹುದು. ಈ ಹೋಸ್ ಬಲಗಡೆಯ ವಾಲ್ವ್‌ನಿಂದಲೇ ಹೊರಡಬೇಕೆಂಬುದಕ್ಕೂ ಕಾರಣವಿದೆ. ಕವುಚಿ ಈಜುತ್ತ ಮುಂದೆ ಸಾಗುವಾಗ ವಾಲ್ವ್‌ನ ಹಿಡಿ ಚಾವಣಿಗೆ ತಾಗಿ ಉಜ್ಜಿದರೆ ಎಡಗಡೆಯದು ಮುಚ್ಚುವ ದಿಕ್ಕಿಗೆ ತಿರುಗುತ್ತದೆ, ಬಲಗಡೆಯದು ತೆರೆಯುವ ದಿಕ್ಕಿಗೆ. ಹಾಗಾಗಿ ಬಾಯಲ್ಲಿರುವ ರೆಗ್ಯುಲೇಟರ್ ಮತ್ತು ತೇಲುಚೀಲಕ್ಕೆ ಅನಿಲ ತುಂಬುವ ಹೋಸ್, ಎರಡೂ ಬಲಕ್ಕೆ. ಈ ವಿವರ ಗೊತ್ತಿಲ್ಲದೆ ನೋಟದಲ್ಲಷ್ಟೇ ಜೋಡಣೆಯನ್ನು ಅನುಕರಿಸಿದವರು ಹೋಸ್‌ಗಳನ್ನು ಅದಲುಬದಲು ಮಾಡಿಕೊಂಡರೆ ಆಶ್ಚರ್ಯವಿಲ್ಲ.

ಮ್ಯಾನಿಫೋಲ್ಡಿನ ನಡುವೆ ಐಸೊಲೇಟರ್ ಎಂಬ ವಾಲ್ವ್ ಇದೆ. ಒಂದು ಬದಿ ಸೋರಿದರೆ ಈ ವಾಲ್ವ್ ಮುಚ್ಚಿ ಇನ್ನೊಂದು ಬದಿಯ ಅನಿಲ ಉಳಿಸಿಕೊಳ್ಳಬಹುದು. ಇದೇ ವಾಲ್ವ್ ಮರೆವಿನಿಂದ ಮುಚ್ಚಿಯೇ ಉಳಿದರೆ? ಒತ್ತಡಮಾಪಕ ಎಡ ಸಿಲಿಂಡರಿನದು, ಉಸಿರಾಟ ಬಲದಿಂದ. ಮುಳ್ಳು ಕದಲದೆ ನಿಂತಿರುತ್ತದೆ, ಬಲ ಸಿಲಿಂಡರ್ ಬರಿದಾಗುತ್ತಿರುತ್ತದೆ. ಕದಲದ ಮುಳ್ಳನ್ನು ಅಪಾಯದ ಸೂಚನೆಯೆಂದು ಓದುವ ಅಭ್ಯಾಸ ಇಲ್ಲದವರಿಗೆ ಐಸೊಲೇಟರ್ ರಕ್ಷಣೆ ಕೊಡುವುದಿಲ್ಲ.

ಇಂಗ್ಲೆಂಡಿನ ಗುಹಾ ಡೈವರ್‌ಗಳು ಹೋದದ್ದು ಬೇರೆ ದಾರಿ. ಕೇವ್ ಡೈವಿಂಗ್ ಗ್ರೂಪ್ ಅಲ್ಲಿ 1946ರಲ್ಲೇ ಹುಟ್ಟಿತು. ಅಲ್ಲಿನ ಜಲಾವೃತ ಸುರಂಗಗಳು ಇಕ್ಕಟ್ಟು, ನೀರು ಕೆಸರು. ಒಣ ಗುಹೆಯಲ್ಲಿ ತೆವಳುತ್ತ ಸಿಲಿಂಡರ್‌ಗಳನ್ನು ಒಂದೊಂದಾಗಿ ಸಾಗಿಸಬೇಕು. ಡೈವರ್ ಬಹಳ ಸಲ ಒಬ್ಬಂಟಿ, ಹಾಗಾಗಿ ಉದ್ದ ಹೋಸ್ ಕೊಡುವುದಕ್ಕೆ ಪಕ್ಕದಲ್ಲಿ ಯಾರೂ ಇಲ್ಲ. ಅವರು ಸಿಲಿಂಡರ್‌ಗಳನ್ನು ಸೊಂಟದ ಎರಡು ಬದಿಗೆ, ಒಂದಕ್ಕೊಂದು ಸಂಬಂಧವಿಲ್ಲದಂತೆ ಕಟ್ಟಿಕೊಂಡರು. 12 ಲೀಟರಿನ ಎರಡು ಸಿಲಿಂಡರ್‌ಗಳಲ್ಲಿ 200 ಬಾರ್ ಒತ್ತಡವಿದ್ದರೆ ತಲಾ 2,400 ಲೀಟರ್ ಅನಿಲ. ಎರಡರಿಂದಲೂ ಮೂರನೇ ಒಂದು ಪಾಲು ಬಳಸಿ ತುತ್ತತುದಿಗೆ ತಲುಪಿದಾಗ ಒಂದು ಪೂರ್ತಿ ಕೈಕೊಟ್ಟರೂ ಇನ್ನೊಂದರಲ್ಲಿ 1,600 ಲೀಟರ್ ಉಳಿದಿರುತ್ತದೆ. ಒಳಹೋಗುವಾಗ ಖರ್ಚಾದದ್ದೂ ಅಷ್ಟೇ. ಆದರೆ ಎರಡೂ ಸಮವಾಗಿ ಇಳಿಯುವಂತೆ ರೆಗ್ಯುಲೇಟರ್ ಬದಲಿಸುತ್ತಲೇ ಇರಬೇಕು. ಬದಲಿಸಲು ಮರೆತರೆ ಲೆಕ್ಕ ಕುಸಿಯುತ್ತದೆ. ಎರಡು ಪದ್ಧತಿಗಳೂ ತಮ್ಮ ತಮ್ಮ ನೀರಿನಲ್ಲಿ ಸರಿಯೆಂಬುದು ನನ್ನ ನಿಲುವು.

ಭಾರದ ಲೆಕ್ಕವನ್ನು ಬಹಳ ಜನ ಕಡೆಗಣಿಸುತ್ತಾರೆ. ಇಂಥ ಎರಡು ಸಿಲಿಂಡರ್‌ಗಳ 4,800 ಲೀಟರ್ ಗಾಳಿಯ ತೂಕವೇ ಸುಮಾರು 5.8 ಕೆ.ಜಿ. ಭಾರವಾದ ಉಕ್ಕಿನ ಜೋಡಿ ಸಿಲಿಂಡರ್ ಹೊತ್ತು ತೆಳು ವೆಟ್‌ಸೂಟಿನಲ್ಲಿ ಇಳಿದವರಿಗೆ ತೇಲುಚೀಲ ಹರಿದರೆ ಈಜಿ ಮೇಲೆ ಬರುವುದು ಕಷ್ಟ.

ಮೂರನೇ ಒಂದು ಪಾಲಿನ ನಿಯಮವೂ ಕುರುಡಾಗಿ ನಂಬುವಂಥದ್ದಲ್ಲ. ಒಬ್ಬರ ಬಳಿ 12 ಲೀಟರಿನ ಜೋಡಿ, ಇನ್ನೊಬ್ಬರ ಬಳಿ 7 ಲೀಟರಿನ ಜೋಡಿ ಇದೆಯೆನ್ನಿ. ಎರಡೂ 200 ಬಾರ್. ಮೊದಲನೆಯವರು ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 24 ಲೀಟರ್ ಉಸಿರಾಡುತ್ತಾರೆ, ಎರಡನೆಯವರು 14 ಲೀಟರ್. ಇಬ್ಬರೂ ಒಂದೇ ಹೊತ್ತಿಗೆ ತಮ್ಮ ಪಾಲು ಮುಗಿಸುತ್ತಾರೆ: 1,600 ಮತ್ತು 933 ಲೀಟರ್. ಆಗ ಮೊದಲನೆಯವರ ಅನಿಲವೆಲ್ಲ ಸೋರಿಹೋದರೆ ಇಬ್ಬರೂ ಹೊರಬರಲು 2,533 ಲೀಟರ್ ಬೇಕು. ಎರಡನೆಯವರಲ್ಲಿ ಉಳಿದಿರುವುದು 1,867. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಇಬ್ಬರಿಗೂ ದಾರಿಯ ನಡುವೆ ಉಸಿರು ಮುಗಿಯುತ್ತದೆ. ಈ ಜೋಡಿ ತಿರುಗಬೇಕಾದದ್ದು 67 ಬಾರ್ ಖರ್ಚಾದಾಗಲ್ಲ, 53 ಬಾರ್ ಖರ್ಚಾದಾಗ. ಅದೂ ಇಬ್ಬರ ಉಸಿರಾಟ ಗಾಬರಿಯಲ್ಲಿ ಏರುವುದಿಲ್ಲವೆಂದು ಹಿಡಿದರೆ. ಗಾಬರಿಯಲ್ಲಿ ಉಸಿರು ಏರದಿರುವುದು ಅಪರೂಪ, ಆದ್ದರಿಂದ ಇನ್ನೂ ಬೇಗ ಹಿಂದಿರುಗಬೇಕು, ಇಲ್ಲವೇ ಎರಡನೆಯವರು ದೊಡ್ಡ ಸಿಲಿಂಡರ್ ತರಬೇಕು.