ಬರ್ಕೊಂಡೆ ಅಂದ್ರೆ ಸಾಲದು

ನಮ್ಮೂರಿನ ಹಾಲಿನ ಡೈರಿಯಲ್ಲಿ ಅಮ್ಮನಿಗೂ ಸೆಕ್ರೆಟರಿಗೂ ದಿನಾ ಬೆಳಗ್ಗೆ ಒಂದು ಸಣ್ಣ ಜಟಾಪಟಿ. ಹಾಲು ಅಳೆದ ಕೂಡಲೇ ಅವರು "ಬರ್ಕೊಂಡೆ, ನೀವು ಹೊರಡಿ ಅಕ್ಕ" ಅನ್ನೋರು. ಹಿಂದೆ ಉದ್ದದ ಸಾಲು. ಅಮ್ಮ ಮಾತ್ರ ಕದಲುತ್ತಿರಲಿಲ್ಲ. "ನನ್ನ ಪುಸ್ತಕದಲ್ಲೂ ಬರೆದುಕೊಡಿ, ಆಮೇಲೆ ಹೋಗ್ತೀನಿ." ನನಗೋ ನಾಚಿಕೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದು, ಫೈಲ್ ಸರ್ವರ್‌ಗಳನ್ನು ಟೆಸ್ಟ್ ಮಾಡುವ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯ್ತು, ಇದೇ ಜಟಾಪಟಿ ಕಂಪ್ಯೂಟರ್ ಲೋಕದಲ್ಲೂ ವರ್ಷಗಟ್ಟಲೆ ನಡೆದಿದೆ ಅಂತ.

ಕಥೆ ಶುರುವಾಗೋದು ಕ್ಯಾಲಿಫೋರ್ನಿಯಾದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ. 1984ರಲ್ಲಿ ಅಲ್ಲಿನ ಎಂಜಿನಿಯರುಗಳು ನೆಟ್‌ವರ್ಕ್ ಫೈಲ್ ಸಿಸ್ಟಮ್, ಅಂದರೆ ಎನ್‌ಎಫ್‌ಎಸ್ ಕಟ್ಟಿದರು. ಬೇರೆ ಮೆಷಿನ್‌ನಲ್ಲಿರುವ ಫೈಲನ್ನು ನಮ್ಮದೇ ಡಿಸ್ಕಿನಲ್ಲಿ ಇದೆಯೇನೋ ಅನ್ನುವ ಹಾಗೆ ತೆರೆಯುವ ಅನುಕೂಲ ಅದು. ಸನ್ ಈ ಪ್ರೋಟೋಕಾಲನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ, ಬೇರೆ ಕಂಪನಿಗಳೂ ಮಾಡಲಿ ಅಂತ ಬಿಟ್ಟುಕೊಟ್ಟಿತು. ತಲೆನೋವು ಶುರುವಾಗಿದ್ದೂ ಅಲ್ಲೇ. ಒಬ್ಬರ ಕ್ಲೈಂಟ್, ಇನ್ನೊಬ್ಬರ ಸರ್ವರ್; ಇಬ್ಬರೂ ಒಂದೇ ನಿಯಮವನ್ನು ಒಂದೇ ಥರ ಓದಿಕೊಂಡಿದ್ದಾರೆ ಅಂತ ಏನು ಗ್ಯಾರಂಟಿ? ಹಾಗಾಗಿ 1986ರಿಂದ ಸನ್ 'ಕನೆಕ್ಟಥಾನ್' ನಡೆಸತೊಡಗಿತು. ಎದುರಾಳಿ ಕಂಪನಿಗಳ ಎಂಜಿನಿಯರುಗಳು ತಮ್ಮ ತಮ್ಮ ಮೆಷಿನ್ ಹೊತ್ತು ತಂದು, ಒಂದೇ ಕಡೆ ಕೂತು, ವೈರು ಜೋಡಿಸಿ, ಪರಸ್ಪರ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಯಾರ ಸರ್ವರ್ ಎಲ್ಲಿ ಎಡವಿತು ಅನ್ನೋದು ಹೊರಗೆ ಹೋಗುವಂತಿರಲಿಲ್ಲ. ಡೈರೆಕ್ಟರಿ ಮಾಡು, ಫೈಲು ಬರಿ, ಓದು, ಹೆಸರು ಬದಲಿಸು, ಲಾಕ್ ಹಾಕು: ಇಂಥ ಪರೀಕ್ಷೆಗಳ ಒಂದು ಕಟ್ಟೇ ಅಲ್ಲಿ ಬಳಕೆಗೆ ಬಂತು.

1989ರ ಮಾರ್ಚ್‌ನಲ್ಲಿ ಎನ್‌ಎಫ್‌ಎಸ್‌ನ ಎರಡನೇ ಆವೃತ್ತಿಯ ನಿಯಮಗಳು ಆರ್‌ಎಫ್‌ಸಿ 1094 ಆಗಿ ಪ್ರಕಟವಾದವು. ಅದರಲ್ಲಿ ಒಂದು ಮಾತು ಬಹಳ ಮುಖ್ಯ. ಸರ್ವರ್ 'ಆಯ್ತು' ಅಂದಿತು ಅಂದ್ರೆ ಡೇಟಾ ಕರೆಂಟ್ ಹೋದರೂ ಉಳಿಯುವ ಜಾಗಕ್ಕೆ, ಸಾಮಾನ್ಯವಾಗಿ ಡಿಸ್ಕಿಗೆ, ಸೇರಿರಲೇಬೇಕು. ಯಾಕೆ ಅಂದ್ರೆ, 'ಆಯ್ತು' ಅನ್ನೋದು ಕಿವಿಗೆ ಬಿದ್ದ ಮೇಲೆ ಕ್ಲೈಂಟ್ ತನ್ನ ಪ್ರತಿಯನ್ನು ಬಿಸಾಡಿಬಿಡುತ್ತೆ.

ಈ ಮಾತು ಉಳಿಸಿಕೊಳ್ಳೋದು ದುಬಾರಿ. ಒಂದು ಸಲಕ್ಕೆ ಕಳಿಸಬಹುದಾದದ್ದು ಹೆಚ್ಚೆಂದರೆ 8 ಕೆಬಿ. 1 ಎಂಬಿ ಫೈಲಿಗೆ 128 ಸಲ ಡಿಸ್ಕಿಗೆ ಬರೆದು, ಪ್ರತಿ ಸಲವೂ ಕಾದು ಉತ್ತರಿಸಬೇಕು. ಕೆಲವರು ಬ್ಯಾಟರಿ ಇರುವ ಮೆಮೊರಿ ಕಾರ್ಡ್ ಹಾಕಿ ಪ್ರಾಮಾಣಿಕವಾಗಿ ವೇಗ ತಂದರು. ಇನ್ನು ಕೆಲವರದು ಸುಲಭದ ದಾರಿ: ಮೆಮೊರಿಗೆ ಬಂದ ತಕ್ಷಣ 'ಆಯ್ತು' ಅನ್ನು, ಆಮೇಲೆ ಬರೆದರಾಯಿತು. ಲಿನಕ್ಸ್‌ನಲ್ಲಿ ಇದರ ಹೆಸರು 'ಅಸಿಂಕ್'. ಇದು ಪ್ರೋಟೋಕಾಲಿನ ಉಲ್ಲಂಘನೆ ಅಂತ ಅದರ ಮ್ಯಾನ್ಯುಯಲ್ಲೇ ಹೇಳುತ್ತೆ. ಆದರೂ ಎನ್‌ಎಫ್‌ಎಸ್-ಯುಟಿಲ್ಸ್ 1.0.0ರವರೆಗೆ ಡೀಫಾಲ್ಟ್ ಅದೇ ಇತ್ತು!

ನನಗೆ ಪೆಟ್ಟು ಬಿದ್ದಿದ್ದೂ ಇಲ್ಲೇ. ಕೆಲಸಕ್ಕೆ ಸೇರಿದ ಹೊಸತು. ನಾನು ಟೆಸ್ಟ್ ಮಾಡಿ ಕಳಿಸಿದ್ದ ಒಂದು ಸರ್ವರ್ ಗ್ರಾಹಕರೊಬ್ಬರ ಆಫೀಸಿನಲ್ಲಿ ಕರೆಂಟ್ ಹೋದಾಗ ದಿಢೀರ್ ಆಫ್ ಆಯ್ತು. ಮತ್ತೆ ಎದ್ದಾಗ, 'ಆಯ್ತು' ಅಂದಿದ್ದ ಫೈಲುಗಳಲ್ಲಿ ಕೆಲವು ಖಾಲಿ. ನನ್ನ ರಿಪೋರ್ಟ್‌ನಲ್ಲಿ ಒಂದೂ ಫೇಲ್ ಇರಲಿಲ್ಲ. ಇರೋದಾದ್ರೂ ಹೇಗೆ? ನಾನು ಬರೆದು, ತಕ್ಷಣ ಓದಿ ನೋಡಿದ್ದೆ. ಸರ್ವರ್ ಮೆಮೊರಿಯಿಂದಲೇ ಸರಿಯಾದ ಉತ್ತರ ಕೊಟ್ಟಿತ್ತು. ನಿಯಮ ಮುರಿದದ್ದು ವೈರಿನಲ್ಲಿ ಕಾಣಲೇ ಇಲ್ಲ.

1995ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 1813, ಅಂದರೆ ಮೂರನೇ ಆವೃತ್ತಿ, ಇದಕ್ಕೆ ಚೆಂದದ ಪರಿಹಾರ ಕೊಟ್ಟಿತ್ತು. ತಡವಾಗಿ ಬರೆಯಲು ಪ್ರಾಮಾಣಿಕ ದಾರಿಯೊಂದನ್ನೇ ತೆರೆಯಿತು. ಸರ್ವರ್ 'ತಲುಪಿದೆ, ಇನ್ನೂ ಡಿಸ್ಕಿಗೆ ಬರೆದಿಲ್ಲ' ಅಂತ ಹೇಳಬಹುದು. ಅಲ್ಲಿವರೆಗೂ ಕ್ಲೈಂಟ್ ತನ್ನ ಪ್ರತಿ ಇಟ್ಟುಕೊಂಡಿರುತ್ತೆ. ಆಮೇಲೆ 'ಕಮಿಟ್' ಅಂತ ಕೇಳುತ್ತೆ. ಪ್ರತಿ ಉತ್ತರದ ಜೊತೆಗೂ ಸರ್ವರ್ 8 ಬೈಟಿನ ಒಂದು ಗುರುತು ಕೊಡುತ್ತೆ. ನಡುವೆ ಸರ್ವರ್ ಬಿದ್ದು ಎದ್ದಿದ್ದರೆ ಆ ಗುರುತು ಬದಲಾಗಿರಬೇಕು. ಗುರುತು ತಾಳೆಯಾಗಲಿಲ್ಲ ಅಂದ್ರೆ ಕ್ಲೈಂಟ್ ಡೇಟಾವನ್ನು ಮತ್ತೆ ಕಳಿಸುತ್ತೆ. ಅಮ್ಮನ ಪುಸ್ತಕ ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ? ಡೈರಿಯ ಲೆಕ್ಕ ತಪ್ಪಿದರೂ ಇವಳ ಕೈಲಿ ಒಂದು ಪ್ರತಿ ಇರುತ್ತಿತ್ತು.

ಆದರೆ ಗುರುತು ನಿಜಕ್ಕೂ ಬದಲಾಗುತ್ತಾ ಅಂತ ತಿಳಿಯೋಕೆ ಸರ್ವರನ್ನು ಬೀಳಿಸಿಯೇ ನೋಡಬೇಕು. ಅದಕ್ಕೇ ನಮ್ಮ ಪಟ್ಟಿಯ ಕೊನೆಯಲ್ಲಿ ಒಂದು ಟೆಸ್ಟ್ ಸೇರಿಸಿದ್ದೀನಿ: ಬರೆಯುತ್ತಿರುವಾಗಲೇ ಪವರ್ ತೆಗಿ, ಮತ್ತೆ ಆನ್ ಮಾಡು, ಒಂದೊಂದು ಬೈಟನ್ನೂ ತಾಳೆ ನೋಡು. ಸಮಯ ತಿನ್ನುತ್ತೆ, ಯಾರಿಗೂ ಇಷ್ಟ ಇಲ್ಲ. ರಿಲೀಸ್ ಹತ್ತಿರ ಬಂದಾಗಲೆಲ್ಲ 'ಇದೊಂದು ಬಿಟ್ಟುಬಿಡೋಣ್ವಾ' ಅಂತ ಮಾತು ಬಂದೇ ಬರುತ್ತೆ.

ಮೊನ್ನೆ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಖುಷಿಯಿಂದ ಬಂದು "ಎಲ್ಲಾ ಪಾಸ್ ಆಯ್ತು" ಅಂದಳು.

"ಪ್ಲಗ್ ಕಿತ್ತು ನೋಡಿದ್ರಾ?" ಅಂದೆ. ಮುಖ ಸಣ್ಣದು ಮಾಡಿಕೊಂಡು ಲ್ಯಾಬ್ ಕಡೆ ಹೋದಳು. ಡೈರಿಯ ಸಾಲಿನಲ್ಲಿ ನಿಂತಾಗ ನನ್ನ ಮುಖವೂ ಹಾಗೇ ಆಗುತ್ತಿತ್ತು.