ಕಲಬುರಗಿಯ ಕಾಲೇಜಿಗೆ ಬಂದ ಹಾಡಿನ ಬಿರುಗಾಳಿ

ಬೆಳಗಿನ ಪ್ರಾರ್ಥನೆಗೆ ಸಾಲುಗಟ್ಟಿ ನಿಲ್ಲುವ ಕಲಬುರಗಿ ಸೀಮೆಯ ಕಮಲಾಪುರದ ಮಕ್ಕಳಿಗೆ ಹಾಡೆಂದರೆ ದಿನದ ಆರಂಭ. ಅವರ ಮುತ್ತಜ್ಜಂದಿರ ಕಾಲದಲ್ಲಿ ಇದೇ ಸೀಮೆಯಲ್ಲಿ ಒಂದು ಹಾಡು ಓದಿಗೇ ಕುತ್ತು ತಂದಿತ್ತು.

ಕಲಬುರಗಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1938ರ ನವೆಂಬರ್ ಕೊನೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನ ಹಿಂದೂ ವಿದ್ಯಾರ್ಥಿಗಳು ಪ್ರಾರ್ಥನಾ ಕೋಣೆಯಲ್ಲಿ ‘ವಂದೇ ಮಾತರಂ’ ಹಾಡುವುದನ್ನು ಆಡಳಿತ ನಿಷೇಧಿಸಿತು. ಮುಷ್ಕರ ಎದ್ದಿತು; ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜಿಗೂ ಹಬ್ಬಿತು. ನೂರಾರು ಹುಡುಗರು ಹೊರಬಿದ್ದರು. ಹಲವರಿಗೆ ಆಸರೆ ಕೊಟ್ಟದ್ದು ದೂರದ ನಾಗಪುರ ವಿಶ್ವವಿದ್ಯಾಲಯ.

ಇನ್ನೊಂದು ಮನಸ್ಸನ್ನೂ ಅರಿಯಬೇಕು. ಹಾಡಿನ ಮುಂದಿನ ಚರಣಗಳ ದೇವಿಸ್ತುತಿಗೆ ಮುಸ್ಲಿಮರ ಆಕ್ಷೇಪವಿತ್ತು. ಅದಕ್ಕೆಂದೇ 1937ರಲ್ಲಿ ಕಾಂಗ್ರೆಸ್ ಮೊದಲ ಎರಡು ಚರಣ ಸಾಕೆಂದಿತ್ತು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1950ರಲ್ಲಿ ಬಂದ ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದಿತು. ಅನುದಾನಿತ ಶಾಲೆಯಲ್ಲೂ ಒಪ್ಪಿಗೆಯಿಲ್ಲದೆ ಯಾರನ್ನೂ ಪ್ರಾರ್ಥನೆಗೆ ಕೂರಿಸಬಾರದೆಂದಿತು.

ಹಾಡುವ ಹಕ್ಕಿನ ಜೊತೆಗೆ ಹಾಡದಿರುವ ಹಕ್ಕೂ ಕೋರ್ಟಿನ ಮೆಟ್ಟಿಲೇರಿತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ನಂಬಿಕೆಯ ಕಾರಣಕ್ಕೆ ದನಿಗೂಡಿಸದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಗಿತ್ತು; 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು.