ಸಿಟಿಡಿಬಿ

ಸಿಟಿಡಿಬಿ ಎಂಬುದು ಹಲವು ಗಣಕಗಳು ಒಟ್ಟಾಗಿ ಒಂದೇ ಕಡತ ಸರ್ವರ್‌ನಂತೆ ಕೆಲಸ ಮಾಡಲು ನೆರವಾಗುವ ಮುಕ್ತ ತಂತ್ರಾಂಶ. ಕ್ಲಸ್ಟರ್ಡ್ ಟ್ರಿವಿಯಲ್ ಡೇಟಾಬೇಸ್ ಎಂಬುದು ಇದರ ಪೂರ್ಣ ಹೆಸರು. ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಸೇವಾ ಪ್ರೋಗ್ರಾಮನ್ನು ಯುನಿಕ್ಸ್ ಪರಿಭಾಷೆಯಲ್ಲಿ ಡೀಮನ್ ಎನ್ನುತ್ತಾರೆ. ಹೀಗೆ ಜೋಡಿಸಿದ ಗಣಕಗಳ ಗುಂಪಿಗೆ ಕ್ಲಸ್ಟರ್ ಎಂದೂ ಅದರ ಪ್ರತಿಯೊಂದು ಗಣಕಕ್ಕೆ ನೋಡ್ ಎಂದೂ ಹೆಸರು. ಪ್ರತಿ ನೋಡ್‌ನಲ್ಲಿಯೂ ಸಿಟಿಡಿಬಿಯ ಒಂದು ಡೀಮನ್ ಇರುತ್ತದೆ. ಸಾಂಬಾ ತಂತ್ರಾಂಶಕ್ಕಾಗಿ ರೂಪುಗೊಂಡ ಇದು ಈಗ ಸಾಂಬಾ ಯೋಜನೆಯ ಭಾಗವಾಗಿದೆ.

ಹಿನ್ನೆಲೆ

ಯುನಿಕ್ಸ್ ಮತ್ತು ಲಿನಕ್ಸ್ ಗಣಕಗಳಲ್ಲಿರುವ ಕಡತಗಳನ್ನು ವಿಂಡೋಸ್ ಗಣಕಗಳಿಗೆ ಒದಗಿಸುವ ಸಾಂಬಾ ತಂತ್ರಾಂಶವನ್ನು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಆರಂಭಿಸಿದರು. ಸಾಂಬಾದಲ್ಲಿ ಪ್ರತಿ ಬಳಕೆದಾರನ ಸಂಪರ್ಕಕ್ಕೂ ಪ್ರತ್ಯೇಕ ಪ್ರಕ್ರಿಯೆ ಇರುತ್ತದೆ. ಯಾವ ಕಡತವನ್ನು ಯಾರು ತೆರೆದಿದ್ದಾರೆ, ಅದರ ಯಾವ ಭಾಗ ಲಾಕ್ ಆಗಿದೆ ಎಂಬ ಮಾಹಿತಿಯನ್ನು ಈ ಪ್ರಕ್ರಿಯೆಗಳು ಟಿಡಿಬಿ ಎಂಬ ಸರಳ ಡೇಟಾಬೇಸ್‌ನ ಮೂಲಕ ಹಂಚಿಕೊಳ್ಳುತ್ತವೆ.

ಒಂದೇ ಗಣಕವಿದ್ದಾಗ ಇಷ್ಟು ಸಾಕು. ಆದರೆ ಕ್ಲಸ್ಟರ್ ಕಡತ ವ್ಯವಸ್ಥೆಯ ಮೂಲಕ ಹಲವು ನೋಡ್‌ಗಳು ಒಂದೇ ಕಡತಗಳನ್ನು ಒದಗಿಸುವಾಗ ಒಂದು ನೋಡ್ ನೀಡಿದ ಅನುಮತಿಯು ಉಳಿದವುಗಳಿಗೂ ತಿಳಿದಿರಬೇಕು. ತಿಳಿಯದಿದ್ದರೆ ಇಬ್ಬರು ಬಳಕೆದಾರರು ಒಂದೇ ಕಡತಕ್ಕೆ ಏಕಕಾಲದಲ್ಲಿ ಬರೆದು, ಒಬ್ಬರ ಕೆಲಸ ಸದ್ದಿಲ್ಲದೆ ಅಳಿಸಿಹೋಗಬಹುದು. ಟಿಡಿಬಿ ಕಡತಗಳನ್ನೇ ಕ್ಲಸ್ಟರ್ ಕಡತ ವ್ಯವಸ್ಥೆಯಲ್ಲಿ ಇಡುವುದು ಮೊದಲಿಗೆ ತೋಚುವ ಪರಿಹಾರ. ಆಗ ಪ್ರತಿಯೊಂದು ಲಾಕ್‌ಗೂ ನೋಡ್‌ಗಳ ನಡುವೆ ಸಂದೇಶ ಓಡಾಡಬೇಕಾಗುವುದರಿಂದ, ನೋಡ್‌ಗಳನ್ನು ಹೆಚ್ಚಿಸಿದಷ್ಟೂ ವೇಗ ಕುಸಿಯುತ್ತದೆ. ಈ ತೊಡಕನ್ನು ನಿವಾರಿಸಲು ಟ್ರಿಡ್ಜೆಲ್, ರಾನಿ ಸಾಲ್‌ಬರ್ಗ್ ಮತ್ತು ಸಾಂಬಾ ತಂಡದ ಇತರರು 2006–07ರ ಅವಧಿಯಲ್ಲಿ ಸಿಟಿಡಿಬಿಯನ್ನು ರೂಪಿಸಿದರು.

ಕಾರ್ಯವಿಧಾನ

ಪ್ರತಿ ನೋಡ್ ತನ್ನ ಸ್ಥಳೀಯ ಡಿಸ್ಕ್ ಅಥವಾ ಸ್ಮೃತಿಯಲ್ಲಿ ಟಿಡಿಬಿ ಕಡತವನ್ನು ಇಟ್ಟುಕೊಂಡಿರುತ್ತದೆ. ಪ್ರತಿ ದಾಖಲೆಗೂ ಎರಡು ಬಗೆಯ ಒಡೆಯರು ಇರುತ್ತಾರೆ. ದಾಖಲೆಯ ಇತ್ತೀಚಿನ ಪ್ರತಿಯನ್ನು ಹೊಂದಿರುವ ನೋಡ್ ‘ಡಿ-ಮಾಸ್ಟರ್’. ಆ ಪ್ರತಿ ಎಲ್ಲಿದೆ ಎಂಬುದನ್ನು ಬಲ್ಲ ನೋಡ್ ‘ಎಲ್-ಮಾಸ್ಟರ್’. ದಾಖಲೆಯ ಕೀಲಿಯಿಂದ ಲೆಕ್ಕಹಾಕಿ ಎಲ್-ಮಾಸ್ಟರನ್ನು ಯಾವ ನೋಡ್ ಬೇಕಾದರೂ ಕಂಡುಕೊಳ್ಳಬಹುದು.

ಸಾಂಬಾ ಪ್ರಕ್ರಿಯೆಗೆ ಬೇಕಾದ ದಾಖಲೆಯ ಡಿ-ಮಾಸ್ಟರ್ ತನ್ನ ನೋಡ್ ಆಗಿದ್ದರೆ, ಅದು ಡೀಮನ್ನಿನ ಗೊಡವೆಯಿಲ್ಲದೆ ಸ್ಥಳೀಯ ಟಿಡಿಬಿಯನ್ನೇ ಓದಿ ಬರೆಯುತ್ತದೆ. ಇಲ್ಲದಿದ್ದರೆ ಕೋರಿಕೆಯು ಎಲ್-ಮಾಸ್ಟರ್ ಮೂಲಕ ಡಿ-ಮಾಸ್ಟರನ್ನು ತಲುಪಿ, ದಾಖಲೆಯು ಕೋರಿದ ನೋಡ್‌ಗೆ ವರ್ಗವಾಗುತ್ತದೆ. ಹೀಗೆ ವರ್ಗವಾದಾಗಲೆಲ್ಲ ಅದರ ಕ್ರಮಸಂಖ್ಯೆ ಹೆಚ್ಚುತ್ತದೆ.

ನೋಡ್ ಹಠಾತ್ತನೆ ನಿಂತರೆ, ಅದರಲ್ಲಿ ಮಾತ್ರ ಇದ್ದ ಇತ್ತೀಚಿನ ಪ್ರತಿಗಳು ನಷ್ಟವಾಗುತ್ತವೆ. ಈ ನಷ್ಟವನ್ನು ಒಪ್ಪಿಕೊಂಡಿರುವುದೇ ಸಿಟಿಡಿಬಿಯ ವೇಗದ ಗುಟ್ಟು. ನಿಂತ ನೋಡ್‌ನ ಬಳಕೆದಾರರ ಸಂಪರ್ಕಗಳು ಹೇಗೂ ಕಡಿದಿರುವುದರಿಂದ ಅವರ ಲಾಕ್‌ಗಳ ವಿವರ ಯಾರಿಗೂ ಬೇಡ. ಉಳಿದ ನೋಡ್‌ಗಳು ಬರೆದ ವಿವರಗಳಾದರೋ ಅವು ಬರೆದಾಗಿನ ಪ್ರತಿಗಳಲ್ಲಿ ಉಳಿದಿರುತ್ತವೆ. ಕಳೆದುಹೋಗಬಾರದ ಮಾಹಿತಿಗಾಗಿ ಶಾಶ್ವತ ಡೇಟಾಬೇಸ್ ಎಂಬ ಬೇರೊಂದು ಬಗೆಯಿದೆ. ಅದರ ಪೂರ್ಣ ಪ್ರತಿ ಎಲ್ಲ ನೋಡ್‌ಗಳಲ್ಲಿಯೂ ಇರುತ್ತದೆ. ಬರೆಯುವ ವೇಗ ಮಾತ್ರ ಕಡಿಮೆ.

ಚೇತರಿಕೆ

ಡೀಮನ್‌ಗಳು ಪೂರ್ವನಿಗದಿಯಂತೆ 5 ಸೆಕೆಂಡಿಗೊಮ್ಮೆ ಪರಸ್ಪರ ಸಂದೇಶ ಕಳುಹಿಸುತ್ತವೆ. ಸತತ 5 ಸಂದೇಶಗಳು ಬಾರದಿದ್ದರೆ ಆ ನೋಡ್ ಸಂಪರ್ಕ ಕಳೆದುಕೊಂಡಿದೆ ಎಂದು ಪರಿಗಣಿಸಲಾಗುತ್ತದೆ. ಆಗ ನಾಯಕ ನೋಡ್ ಡೇಟಾಬೇಸ್‌ಗಳನ್ನು ಸ್ಥಗಿತಗೊಳಿಸಿ, ಎಲ್ಲ ನೋಡ್‌ಗಳಿಂದ ದಾಖಲೆಗಳನ್ನು ಸಂಗ್ರಹಿಸಿ, ಪ್ರತಿ ಕೀಲಿಗೂ ಅತಿ ಹೆಚ್ಚಿನ ಕ್ರಮಸಂಖ್ಯೆಯ ಪ್ರತಿಯನ್ನು ಆರಿಸಿ ಎಲ್ಲೆಡೆ ಹಂಚುತ್ತದೆ. ಚೇತರಿಕೆಯಾದಾಗ ಕ್ಲಸ್ಟರ್‌ಗೆ ಹೊಸ ಪೀಳಿಗೆ ಸಂಖ್ಯೆ ದೊರೆಯುತ್ತದೆ. ಹಳೆಯ ಸಂಖ್ಯೆ ಹೊತ್ತು ತಡವಾಗಿ ಬಂದ ಸಂದೇಶಗಳನ್ನು ಡೀಮನ್ ತಿರಸ್ಕರಿಸುತ್ತದೆ.

ಜಾಲ ಕಡಿದು ಕ್ಲಸ್ಟರ್ ಎರಡಾಗಿ ಒಡೆದರೆ ಅಪಾಯ ಹೆಚ್ಚು. ಎರಡೂ ಪಾಲುಗಳು ತಾವೇ ಉಳಿದವರೆಂದು ಭಾವಿಸಿ, ಒಂದೇ ಕಡತಕ್ಕೆ ಬೇರೆ ಬೇರೆ ಅನುಮತಿ ನೀಡಬಹುದು. ಇದನ್ನು ತಡೆಯಲು ಕ್ಲಸ್ಟರ್ ಕಡತ ವ್ಯವಸ್ಥೆಯಲ್ಲಿರುವ ಒಂದು ಕಡತದ ಮೇಲೆ ಲಾಕ್ ಪಡೆದ ನೋಡ್ ಮಾತ್ರ ನಾಯಕನಾಗಬಹುದು ಎಂಬ ನಿಯಮವಿದೆ.

ಸ್ಥಗಿತಗೊಂಡ ನೋಡ್‌ನ ಸಾರ್ವಜನಿಕ ಐಪಿ ವಿಳಾಸವನ್ನು ಬೇರೊಂದು ನೋಡ್ ವಹಿಸಿಕೊಳ್ಳುತ್ತದೆ. ಅದು ಬಳಕೆದಾರನ ಗಣಕಕ್ಕೆ ಕೃತಕ ಟಿಸಿಪಿ ಸಂದೇಶವೊಂದನ್ನು ಕಳುಹಿಸಿ ಉತ್ತರ ಹೊರಡಿಸುತ್ತದೆ. ಈ ಉತ್ತರದಿಂದ ಹಳೆಯ ಸಂಪರ್ಕ ತಕ್ಷಣ ಮುರಿದು, ಬಳಕೆದಾರ ದೀರ್ಘಕಾಲ ಕಾಯದೆ ಮತ್ತೆ ಸಂಪರ್ಕ ಪಡೆಯುತ್ತಾನೆ.

ಡೀಮನ್ನಿನ ರಚನೆ

ಸಿಟಿಡಿಬಿ ಸಿ ಭಾಷೆಯಲ್ಲಿದೆ. ಇದರ ಮುಖ್ಯ ಪ್ರಕ್ರಿಯೆಯು ಘಟನೆಗಳನ್ನು ಒಂದಾದ ಮೇಲೊಂದರಂತೆ ನಿರ್ವಹಿಸುವ ಏಕೈಕ ಆವರ್ತ. ಅದು ಎಲ್ಲಿಯೂ ಕಾಯುತ್ತ ನಿಲ್ಲಬಾರದು. ನಿಂತರೆ ಸಂದೇಶಗಳು ಹೊರಡದೆ, ಜೀವಂತ ನೋಡ್ ಕೂಡ ಸತ್ತಂತೆ ಕಾಣಬಹುದು. ಆದ್ದರಿಂದ ಲಾಕ್‌ಗಾಗಿ ಕಾಯುವುದು, ಪರಿಶೀಲನಾ ಸ್ಕ್ರಿಪ್ಟ್‌ಗಳನ್ನು ಓಡಿಸುವುದು ಮೊದಲಾದ ಕೆಲಸಗಳನ್ನು ಪ್ರತ್ಯೇಕ ಪ್ರಕ್ರಿಯೆಗಳಿಗೆ ವಹಿಸಲಾಗಿದೆ.

ದೋಷ ಪತ್ತೆ

ವಿತರಿತ ವ್ಯವಸ್ಥೆಯಲ್ಲಿ ದೋಷದ ಲಕ್ಷಣ ಕಾಣುವ ನೋಡ್ ಒಂದು, ಕಾರಣವಿರುವ ನೋಡ್ ಇನ್ನೊಂದು ಆಗಿರಬಹುದು. ಒಂದು ನೋಡ್‌ನಲ್ಲಿ ಯಾವುದೋ ಪ್ರಕ್ರಿಯೆ ಲಾಕ್ ಹಿಡಿದು ಡಿಸ್ಕ್‌ಗಾಗಿ ಕಾದಿದ್ದರೆ, ಚೇತರಿಕೆ ಮುಗಿಯದೆ ಇಡೀ ಕ್ಲಸ್ಟರ್ ನಿಂತಂತಾಗುತ್ತದೆ. ಹೀಗಾಗಿ ಎಲ್ಲ ನೋಡ್‌ಗಳ ಲಾಗ್‌ಗಳನ್ನು ಸಮಯಕ್ಕನುಗುಣವಾಗಿ ಜೋಡಿಸಿ ಓದಬೇಕಾಗುತ್ತದೆ. ನೋಡ್‌ಗಳ ಗಡಿಯಾರಗಳು ಹೊಂದಿಕೆಯಲ್ಲಿರುವುದೂ ಅಗತ್ಯ. ಮುಖ್ಯ ಸಾಧನಗಳು ಹೀಗಿವೆ:

• ಸಿಟಿಡಿಬಿ ಆಜ್ಞೆ: ನೋಡ್‌ಗಳ ಸ್ಥಿತಿ, ಅಂಕಿ-ಅಂಶ, ಡೇಟಾಬೇಸ್‌ನ ದಾಖಲೆಗಳನ್ನು ತೋರಿಸುತ್ತದೆ, ಲಾಗ್‌ನ ವಿವರದ ಮಟ್ಟವನ್ನು ಬದಲಿಸುತ್ತದೆ. ಒಂದೇ ದಾಖಲೆಗಾಗಿ ಹಲವು ನೋಡ್‌ಗಳು ಎಳೆದಾಡುತ್ತಿದ್ದರೆ ಅದು ಇಲ್ಲಿಯ ಅಂಕಿ-ಅಂಶಗಳಿಂದ ಬಯಲಾಗುತ್ತದೆ.
• ಆನ್‌ನೋಡ್: ಒಂದೇ ಆಜ್ಞೆಯನ್ನು ಹಲವು ನೋಡ್‌ಗಳಲ್ಲಿ ಓಡಿಸುತ್ತದೆ.
• ಲಾಕ್ ಪರೀಕ್ಷಾ ಸ್ಕ್ರಿಪ್ಟ್: ಲಾಕ್ ಸಿಗಲು ಬಹಳ ತಡವಾದಾಗ, ಅದನ್ನು ಹಿಡಿದಿರುವ ಪ್ರಕ್ರಿಯೆಯನ್ನು ಗುರುತಿಸುತ್ತದೆ.
• ಪಿಂಗ್-ಪಾಂಗ್: ಕಡತ ವ್ಯವಸ್ಥೆಯ ಲಾಕ್‌ಗಳನ್ನು ಪರೀಕ್ಷಿಸುತ್ತದೆ. ಎರಡನೆಯ ನೋಡ್‌ನಲ್ಲಿಯೂ ಇದನ್ನು ಆರಂಭಿಸಿದಾಗ ಲಾಕ್‌ಗಳ ದರ ಇಳಿಯಬೇಕು. ಇಳಿಯದಿದ್ದರೆ ಲಾಕ್‌ಗಳು ನೋಡ್‌ಗಳ ನಡುವೆ ಪಾಲನೆಯಾಗುತ್ತಿಲ್ಲ ಎಂದರ್ಥ. ಅಂತಹ ಕಡತ ವ್ಯವಸ್ಥೆಯಲ್ಲಿ ನಾಯಕತ್ವದ ಲಾಕ್ ಕೂಡ ವ್ಯರ್ಥ.
• ಸ್ಥಳೀಯ ಡೀಮನ್‌ಗಳು: ಅಭಿವೃದ್ಧಿಕಾರರು ಒಂದೇ ಗಣಕದಲ್ಲಿ ಹಲವು ಡೀಮನ್‌ಗಳನ್ನು ಓಡಿಸಿ, ಯಾವುದನ್ನಾದರೂ ಬೇಕೆಂದೇ ಕೊಂದು ಚೇತರಿಕೆಯನ್ನು ಪರೀಕ್ಷಿಸಬಹುದು.

ದಾಖಲೆಯನ್ನು ಅಳಿಸುವುದು ಕೂಡ ಸೂಕ್ಷ್ಮ ಕೆಲಸ. ಒಂದು ನೋಡ್‌ನಲ್ಲಿ ಪೂರ್ತಿ ಅಳಿಸಿದ ದಾಖಲೆಯ ಹಳೆಯ ಪ್ರತಿ ಬೇರೆಡೆ ಉಳಿದಿದ್ದರೆ, ಮುಂದಿನ ಚೇತರಿಕೆಯಲ್ಲಿ ಅದೇ ಗೆದ್ದು ಮರುಜೀವ ಪಡೆಯುತ್ತದೆ. ಆದ್ದರಿಂದ ಅಳಿಸಿದ ದಾಖಲೆಯನ್ನು ಮೊದಲು ಕ್ರಮಸಂಖ್ಯೆಯೊಡನೆ ಖಾಲಿಯಾಗಿ ಉಳಿಸಿಕೊಂಡು, ಆಮೇಲೆ ಎಲ್ಲ ನೋಡ್‌ಗಳಿಂದಲೂ ತೆಗೆಯಲಾಗುತ್ತದೆ. ಈ ಕ್ರಿಯೆಗೆ ವ್ಯಾಕ್ಯೂಮಿಂಗ್ ಎಂದು ಹೆಸರು.

ಬೆಳವಣಿಗೆ

ಆರಂಭದಲ್ಲಿ ಪ್ರತ್ಯೇಕವಾಗಿ ಬೆಳೆದ ಸಿಟಿಡಿಬಿ, 2015ರಲ್ಲಿ ಬಿಡುಗಡೆಯಾದ ಸಾಂಬಾ 4.2 ಆವೃತ್ತಿಯಿಂದ ಸಾಂಬಾದ ಜೊತೆಗೇ ವಿತರಣೆಯಾಗುತ್ತಿದೆ. 2022ರ 4.16 ಆವೃತ್ತಿಯಲ್ಲಿ ‘ರಿಕವರಿ ಮಾಸ್ಟರ್’ ಎಂಬ ಹೆಸರನ್ನು ‘ಲೀಡರ್’ ಎಂದೂ ‘ರಿಕವರಿ ಲಾಕ್’ ಎಂಬುದನ್ನು ‘ಕ್ಲಸ್ಟರ್ ಲಾಕ್’ ಎಂದೂ ಬದಲಿಸಲಾಯಿತು. ಹಳೆಯ ಲಾಗ್‌ಗಳಲ್ಲಿಯೂ ಕೈಪಿಡಿಗಳಲ್ಲಿಯೂ ಹಿಂದಿನ ಹೆಸರುಗಳೇ ಕಂಡುಬರುತ್ತವೆ.